ಸೂಜಿಯ ನಾಲ್ಕನೇ ಚೂರು

ಸ್ಪೈವಿ ಕಣಿವೆ, ನಾರ್ತ್ ಕೆರೊಲಿನಾ
ಜುಲೈ ೧೨

ಪ್ರೀತಿಯ ರೋಡಾ,

ಅಮೆರಿಕದ ಸೇನೆಯನ್ನು ಇಲ್ಲಿಯವರೆಗೆ ಗಾಳಿಯಲ್ಲಿ ಹಿಡಿದು ನಿಲ್ಲಿಸಿರುವವನು ನಾನೊಬ್ಬನೇ. ಜಂಭಕ್ಕೆ ಹೇಳುತ್ತಿಲ್ಲ, ದಾಖಲೆಗೆ ಇರಲಿ ಎಂದು ಬರೆಯುತ್ತಿದ್ದೇನೆ. ಮೊನ್ನೆ ನಾಲ್ಕು ನಕ್ಷತ್ರದ ಜನರಲ್ ಒಬ್ಬ ಫೋನ್ ಮಾಡಿ, "ಗಾರ್ಲಂಡಣ್ಣ, ನೀವೊಬ್ರು ಇಲ್ದೇ ಹೋಗಿದ್ರೆ ನಮ್ಮ ಜೀಪುಗಳೆಲ್ಲ ಆಕಾಶದಿಂದ ಕುಂಬಳಕಾಯಿ ಬಿದ್ದಂಗೆ ಬೀಳ್ತಿದ್ವು" ಎಂದು ಗಳಗಳ ಅತ್ತ. ನಾನೇ ಸಮಾಧಾನ ಮಾಡಿದೆ. ಪಕ್ಕದಲ್ಲಿ ನಿಂತಿದ್ದ ನಿಮ್ಮಮ್ಮ, "ಬಿಲ್ ಕಟ್ಟಿಲ್ಲ ಅಂತ ಫೋನ್ ಲೈನ್ ಕಿತ್ತು ಮೂರು ದಿನ ಆಯ್ತಲ್ಲೋ, ಆ ಜನರಲ್ ಯಾವ ತಂತೀಲಿ ಅತ್ತ?" ಎಂದಳು. ಒಡಹುಟ್ಟಿದವರಿಗೆ ಇತಿಹಾಸದ ಬೆಲೆ ಗೊತ್ತಾಗುವುದಿಲ್ಲ.

ಆದ್ದರಿಂದಲೇ ಈ ಕಾಗದ. ಅಂಚೆಯವನು ಯಾವ ಲೈನನ್ನೂ ಕೀಳುವುದಿಲ್ಲ.

ಈಗ ಕೆಲಸದ ಮಾತು. ನಾನೂ ನಿಮ್ಮಮ್ಮ ಓಪಲ್ ಅಕ್ಕನೂ ಇಪ್ಪತ್ತಾರು ವರ್ಷದಿಂದ ನಡೆಸುತ್ತಿರುವ ಈ ಹೊಲಿಗೆ ಶೆಡ್ಡಿಗೆ ಸೇನೆಯ ಹಳೆಯ ಪ್ಯಾರಾಶೂಟು ಆರ್ಡರು ಸೆಪ್ಟೆಂಬರಿಗೆ ಮುಗಿಯುತ್ತದೆ. ಆಮೇಲೆ ಇಪ್ಪತ್ಮೂರು ಹೆಂಗಸರಿಗೆ ಹೊಲಿಯಲು ಏನೂ ಇಲ್ಲ. ಈ ಕಣಿವೆಯಲ್ಲಿ ಬೇರೆ ಕೆಲಸ ಎಂದರೆ ಶವಪೆಟ್ಟಿಗೆ ಮಾಡುವುದೊಂದೇ, ಅಲ್ಲೂ ಜಾಗ ಖಾಲಿ ಇಲ್ಲ. ನಮಗೆ ಉಳಿದಿರುವುದು ಆ ಹೊಸ ಪ್ಯಾರಾಶೂಟು: ಲಾರಿಯನ್ನೇ ಇಳಿಸುವ ದೊಡ್ಡದು. ನಮ್ಮ ಸಂಸದ ನನ್ನ ಪಕ್ಷದವನು, ಹೊಲಿಗೆ ನಮ್ಮ ಊರಿನದು. ವಾಷಿಂಗ್ಟನ್ನಿನಲ್ಲಿ ನೀನು ಕೆಲಸ ಮಾಡುವ ಸಂಸದೆ ನಿನ್ನ ಪಕ್ಷದವಳು, ನೈಲಾನು ನೇಯುವ ಗಿರಣಿ ಅವಳ ಊರಿನದು. ಬೇರೆ ದಿನ ಒಬ್ಬರ ಮುಖಕ್ಕೆ ಒಬ್ಬರು ಉಗಿಯುವ ಈ ಇಬ್ಬರೂ ಸೇರಿ ರಕ್ಷಣಾ ವೆಚ್ಚದ ಪಟ್ಟಿಯಲ್ಲಿ ಒಂದು ಸಾಲು ಬರೆಸುತ್ತಿದ್ದಾರಂತೆ. ನೀನು ಡೆಮಾಕ್ರಟರ ಕಚೇರಿಗೆ ಸೇರಿದಾಗ ಹುಟ್ಟು ರಿಪಬ್ಲಿಕನ್ ಆದ ನಾನು ಒಂದು ವಾರ ನಿನ್ನ ಹೆಸರು ಹೇಳದೆ ಪ್ರಾರ್ಥನೆ ಮಾಡಿದ್ದೆ. ಈಗ ಸೇರಿಸಿಕೊಂಡಿದ್ದೇನೆ.

ನಿನ್ನ ಕೈಯಿಂದ ಏನೂ ಮಾಡಿಸಬೇಡ ಎಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಾಳೆ. ಸ್ವಂತದವರಿಗೆ ಸಹಾಯ ಮಾಡಿದಳು ಎಂಬ ಮಾತು ನಿನಗೆ ಬರಬಾರದು, ಸರಿಯೇ. ಸಾಲು ಪಾಸಾದ ದಿನ ಒಂದು ಮಾತು ಬರೆ, ಅಷ್ಟು ಸಾಕು. ನಾನು ಲಾರೆಲ್ ಹೊಳೆಯ ಎರಡು ಕೋಣೆಯ ಶಾಲೆಯಲ್ಲಿ ಏಳನೆಯವರೆಗೆ ಓದಿದವನು, ಒಂದು ಮಾತಿನಲ್ಲಿ ಎಲ್ಲ ತಿಳಿದುಕೊಳ್ಳುತ್ತೇನೆ.

ಸೇನೆಯ ಆಧಾರಸ್ತಂಭ, ಮೂರು ಕೌಂಟಿಗಳ ಹೊಲಿಗೆ ಯಂತ್ರಗಳ ಧನ್ವಂತರಿ,
ನಿನ್ನ ಮಾವ ಗಾರ್ಲಂಡ್ ಲೆಡ್‌ಫರ್ಡ್


ವಾಷಿಂಗ್ಟನ್
ಸೆಪ್ಟೆಂಬರ್ ೧೭

ಮಾವ,

ಪಾಸಾಯಿತು!

ಈಗಷ್ಟೇ ಮತದಾನ ಮುಗಿಯಿತು, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮುನ್ನೂರ ಎಪ್ಪತ್ತೆಂಟು ಹೌದು, ನಲವತ್ತು ಇಲ್ಲ. ಎರಡೂ ಪಕ್ಷದವರು ಒಟ್ಟಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿನ್ನ ಸಂಸದ ನಡುವಿನ ಹಾದಿ ದಾಟಿ ಬಂದು ನಮ್ಮ ಮೇಡಮ್ಮಿನ ಕೈ ಕುಲುಕಿದ. ಎರಡು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ವೆಚ್ಚದ ಪಟ್ಟಿಯ ಇನ್ನೂರ ಹನ್ನೆರಡನೇ ಪುಟ ಹರಿದು ಜೊತೆಗಿಟ್ಟಿದ್ದೇನೆ, ನೋಡು: "ಸರಕು ಪ್ಯಾರಾಶೂಟು, ಭಾರಿ (ಹೊಸತು) — ೬,೨೦೦." ಅಷ್ಟೇನಾ ಎಂದು ಗಾಬರಿ ಬೀಳಬೇಡ. ಪಟ್ಟಿಯ ತಲೆಬರಹದಲ್ಲಿ "ಡಾಲರು, ಸಾವಿರಗಳಲ್ಲಿ" ಎಂದು ಒಂದು ಸಲ ಬರೆದುಬಿಟ್ಟಿರುತ್ತಾರೆ. ಕೆಳಗಿನ ಪ್ರತಿ ಅಂಕಿಗೂ ಮೂರು ಸೊನ್ನೆ ನೀನೇ ಹಾಕಿ ಓದಿಕೊಳ್ಳಬೇಕು.

ಅಮ್ಮನಿಗೆ ಓದಿ ಹೇಳು. ಶೆಡ್ಡಿನಲ್ಲಿ ವೀಡಾಳಿಗೂ ಉಳಿದವರಿಗೂ. ಓಡಬೇಕು, ಕರೆಯುತ್ತಿದ್ದಾರೆ.

ನಿನ್ನ ರೋಡಾ


ಸ್ಪೈವಿ ಕಣಿವೆ
ಸೆಪ್ಟೆಂಬರ್ ೨೬

ರೋಡಾ ಮಗಳೇ,

ನಿನ್ನ ಕಾಗದವನ್ನು ಶೆಡ್ಡಿನ ನಡುವೆ ಸ್ಟೂಲಿನ ಮೇಲೆ ನಿಂತು ಓದಿದೆ. ಆರು ಸಾವಿರದ ಇನ್ನೂರು ಎಂದಾಗ ವೀಡಾ, "ಆ ದುಡ್ಡಿಗೆ ಪ್ಯಾರಾಶೂಟ್ ಅಲ್ಲ ಗಾರ್ಲಂಡಣ್ಣ, ಜನರಲ್‌ಗೆ ಒಂದು ಒಳ್ಳೆ ಚಡ್ಡಿ ಬರತ್ತೆ" ಎಂದಳು. ತಲೆಬರಹ ಓದಿದೆ. ಮೂರು ಸೊನ್ನೆ ಸೇರಿಸಿದೆ. ಶೆಡ್ಡಿನಲ್ಲಿ ಆದ ಗದ್ದಲ ನಿನ್ನ ಸಂಸತ್ತಿನಲ್ಲಿ ಆಗಿರಲಿಕ್ಕಿಲ್ಲ. ನಿಮ್ಮಮ್ಮ ಕೂಡ ನಕ್ಕಳು. ಸಾಕ್ಷಿಗೆ ಇಪ್ಪತ್ಮೂರು ಜನ ಇದ್ದಾರೆ.

ನಾನು ಕೈಕಟ್ಟಿ ಕೂರುವವನಲ್ಲ. ಈಗಿರುವ ನಮ್ಮ ಯಂತ್ರಗಳು ದೊಡ್ಡ ಪ್ಯಾರಾಶೂಟಿಗೆ ಹೊಲಿಯುವ ಆ ದಪ್ಪ ನೈಲಾನು ಪಟ್ಟಿಯನ್ನು ನೋಡಿದರೇ ಹಲ್ಲು ಕಿರಿಯುತ್ತವೆ. ಟೆನೆಸಿಯಲ್ಲಿ ಮುಚ್ಚಿಹೋದ ಬೂಟಿನ ಕಾರ್ಖಾನೆಯೊಂದರಲ್ಲಿ ಭಾರಿ ಯಂತ್ರಗಳು ಆರು ಇದ್ದವು. ಹೋದೆ. ಅದರ ಯಜಮಾನ ಮುದುಕ ಮೊದಲು ಬಾಯಿಗೆ ಬಂದ ಬೆಲೆ ಹೇಳಿದ. ನಾನು ಅವನಿಗೆ, ಕರಡಿಯೊಂದು ನನ್ನ ಹೊಲಿಗೆ ಯಂತ್ರ ಕದ್ದುಕೊಂಡು ಹೋಗಿ ತನ್ನ ಮರಿಗೆ ಅಂಗಿ ಹೊಲಿದ ಕಥೆ ಹೇಳಿದೆ. ನಕ್ಕು ನಕ್ಕು ಕಟ್ಟಿಸಿದ ಹಲ್ಲು ಕೆಳಗೆ ಬಿತ್ತು. ಯಂತ್ರ, ಎರಡು ಲಾರಿ ಪಟ್ಟಿ, ದಾರ, ಸಾಗಣೆ ಎಲ್ಲ ಸೇರಿ ನಲವತ್ತೊಂದಕ್ಕೆ ಬಿಟ್ಟ. ಮೇಲೆ ಅಕ್ಕ ಮಾಡಿದ ಸೇಬಿನ ಪದರದ ಕೇಕು ಒಂದು. ಕೇಕು ಕೊಟ್ಟಿದ್ದೇ ನನಗೆ ಹೆಚ್ಚಾಯಿತು ಅನ್ನಿಸಿತು.

ಅಕ್ಕ ಸುಮ್ಮನಿರುವವಳಾ? "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀಬೇಡ ಕಣೋ ಗಾರ್ಲಂಡ" ಎಂದಳು.

"ಹುಟ್ಟಿದೆ ಕಣೇ. ನಿನ್ನ ಮಗಳೇ ಸೂಲಗಿತ್ತಿ. ಕಾಗದ ಬರೆದು ತಿಳಿಸಿದ್ದಾಳಲ್ಲ!" ಎಂದೆ.



ಇಬ್ಬರು ಸಂಸದರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ ಮಹಾಶಯ,
ನಿನ್ನ ಮಾವ ಗಾರ್ಲಂಡ್


ವಾಷಿಂಗ್ಟನ್
ಅಕ್ಟೋಬರ್ ೪

ಮಾವ,

ನಿನ್ನ ಕಾಗದ ಮೂರು ಸಲ ಓದಿದೆ. ನಾನು ಬರೆದಾಗ "ಪಾಸಾಯಿತು" ಎಂದಷ್ಟೇ ಬರೆದೆನಾ? ಯಾವುದು ಪಾಸಾಯಿತು ಎಂದು ಬರೆಯಲೇ ಇಲ್ಲವಾ? ಬರೆದಿರಲಿಕ್ಕಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ, ಖುಷಿಯಾಗಿದ್ದೆ.

ಇಲ್ಲಿ ಮಸೂದೆ ಎರಡು. ಒಂದು ಒಪ್ಪಿಗೆಯದು: ಸೇನೆ ಈ ವಸ್ತು ಕೊಳ್ಳಬಹುದು, ಇಷ್ಟರವರೆಗೆ ಕೊಳ್ಳಬಹುದು ಎಂದು. ಅಂದು ಪಾಸಾದದ್ದು ಅದು. ಇನ್ನೊಂದು ಹಣದ್ದು. ಅದು ಬೇರೆ ಸಮಿತಿ, ಬೇರೆ ಮತ. ಅದು ಪಾಸಾಗಿಲ್ಲ. ಇಲ್ಲಿ ಕೆಲಸ ಮಾಡುವ ನಮಗೆಲ್ಲ ಅದು ಉಸಿರಾಟದ ಹಾಗೆ ಗೊತ್ತಿರುವ ವಿಷಯ, ಅದಕ್ಕೇ ಬರೆಯಬೇಕು ಎಂದು ಹೊಳೆಯಲೇ ಇಲ್ಲ. ಅಕ್ಟೋಬರ್ ಒಂದರಿಂದ ಹೊಸ ವರ್ಷದ ಲೆಕ್ಕ ಶುರುವಾಗಬೇಕಿತ್ತು. ಹಣದ ಮಸೂದೆ ಆಗದ್ದರಿಂದ ತಾತ್ಕಾಲಿಕ ಏರ್ಪಾಡು ಮಾಡಿದ್ದಾರೆ: ಹೋದ ವರ್ಷ ಯಾವುದಕ್ಕೆ ಖರ್ಚಾಗುತ್ತಿತ್ತೋ ಅದಕ್ಕೆ ಮಾತ್ರ, ಅಷ್ಟೇ ಖರ್ಚು ಮಾಡಬಹುದು. ಹೊಸದು ಯಾವುದನ್ನೂ ಶುರು ಮಾಡುವ ಹಾಗಿಲ್ಲ. ನಮ್ಮ ಸಾಲಿನಲ್ಲಿ "ಹೊಸತು" ಎಂಬ ಮಾತಿದೆ. ನಾನೇ ನಿನಗೆ ಬರೆದಿದ್ದೆ, ಕಂಸದೊಳಗೆ.

ನಮ್ಮ ಸಾಲನ್ನು ಬೇಡ ಎನ್ನುವವರು ಎರಡೂ ಪಕ್ಷದಲ್ಲಿ ಒಬ್ಬರೂ ಇಲ್ಲ. ಜಗಳ ಇರುವುದು ಹಣದ ಮಸೂದೆಯ ನಾನೂರನೇ ಪುಟದ ಇನ್ನೊಂದು ವಿಷಯಕ್ಕೆ. ಅದು ಬಗೆಹರಿಯುವವರೆಗೆ ಇನ್ನೂರ ಹನ್ನೆರಡನೇ ಪುಟವೂ ಕೂತಿರುತ್ತದೆ.

ಒಂದು ಕೇಳುತ್ತೇನೆ. ಆರು ಭಾರಿ ಯಂತ್ರ, ಎರಡು ಲಾರಿ ಪಟ್ಟಿ, ನಲವತ್ತೊಂದು ಡಾಲರಿಗಾ? ಕರಡಿಯನ್ನು ಬಿಟ್ಟು ಹೇಳು ಮಾವ.

ರೋಡಾ


ಸ್ಪೈವಿ ಕಣಿವೆ
ಅಕ್ಟೋಬರ್ ೧೬

ಮಗಳೇ,

ಎರಡು ಮಸೂದೆ ಇರುತ್ತವೆ ಎಂದು ನನಗೆ ಮೊದಲೇ ಗೊತ್ತಿತ್ತು. ನಿನ್ನನ್ನು ಪರೀಕ್ಷೆ ಮಾಡಲು ಸುಮ್ಮನಿದ್ದೆ. ನೀನು ಪಾಸು. ಒಪ್ಪಿಗೆಯೂ ಹಣವೂ ಎರಡೂ!

ಹೆಂಗಸರಿಗೆ ನಾನೇ ವಿವರಿಸಿ ಹೇಳಿದೆ. ಚರ್ಚಿನಲ್ಲಿ ಕಡುಬಿನ ಹರಾಜು ಇಟ್ಟಿದ್ದಾರೆ ಅಂದುಕೊಳ್ಳಿ. ಗಾರ್ಲಂಡ್ ಕಡುಬು ತಿನ್ನಬಹುದು ಎಂದು ಸಭೆಯೆಲ್ಲ ಕೈ ಎತ್ತಿ ಒಪ್ಪಿದೆ. ಆದರೆ ಕಡುಬು ಇನ್ನೂ ಒಲೆಯ ಮೇಲೂ ಏರಿಲ್ಲ, ಹಿಟ್ಟೂ ಕಲಸಿಲ್ಲ. ದೇವರು ಕೊಟ್ಟರೂ ಪಾದ್ರಿ ಬಿಡ, ಅಷ್ಟೇ.

ವೀಡಾ ಕತ್ತರಿ ಕೆಳಗಿಟ್ಟು ಕೇಳಿದಳು: "ಅಲ್ಲ ಗಾರ್ಲಂಡಣ್ಣ, ಈ ಪಕ್ಷದೋರೂ ಹೌದು ಅಂತಾರೆ, ಆ ಪಕ್ಷದೋರೂ ಹೌದು ಅಂತಾರೆ. ಬೇಡ ಅನ್ನೋರ್ ಯಾರು?"

"ಯಾರೂ ಇಲ್ಲ."

"ಯಾರೂ ಬೇಡ ಅನ್ನದೇ ಇರೋದನ್ನ ಕೊಡದೇ ಇರೋಕೆ ಎಷ್ಟು ಜನ ಬೇಕು?"

"ಎರಡೂ ಸದನ ಸೇರಿ ಐನೂರ ಮೂವತ್ತೈದು."

ನಗು ಬಂತು. ಆದರೆ ಹೋದ ತಿಂಗಳಿನ ಗಾತ್ರದ್ದಲ್ಲ. ಹಳೆಯ ಆರ್ಡರು ಮುಗಿದಿದೆ. ಹದಿನಾಲ್ಕು ಜನರಿಗೆ ಹೋಗಿಬನ್ನಿ ಎಂದಿದ್ದೇವೆ. ಒಬ್ಬೊಬ್ಬರೂ ತಮ್ಮ ಕತ್ತರಿಗೆ ಎಣ್ಣೆ ಹಚ್ಚಿ, ಹೆಸರು ಬರೆದು, ಗೋಡೆಯ ಮೊಳೆಗೆ ನೇತುಹಾಕಿ ಹೋಗಿದ್ದಾರೆ. ಯಾರೂ ಮನೆಗೆ ಒಯ್ಯಲಿಲ್ಲ. ಮನೆಗೆ ಒಯ್ದರೆ ಕೆಲಸ ಹೋಯಿತು ಎಂದಾಗುತ್ತದಂತೆ.

ನಮ್ಮ ಸಂಸದ ಶನಿವಾರ ಅಗ್ನಿಶಾಮಕ ಠಾಣೆಯ ಬೀನ್ಸ್ ಊಟಕ್ಕೆ ಬಂದಿದ್ದ. ನಾನು ಒಳ್ಳೆಯ ಅಂಗಿ ಹಾಕಿಕೊಂಡು ಹೋದೆ. ಎರಡೂ ಕೈಯಿಂದ ನನ್ನ ಕೈ ಹಿಡಿದ. "ನಿಮ್ಮಂಥೋರೇ ಈ ದೇಶದ ಬೆನ್ನೆಲುಬು ಲೆಡ್‌ಫರ್ಡ್ ಅವರೇ" ಎಂದ.

"ಬೆನ್ನೆಲುಬಿನ ಈಚೆ ಕಡೆ ಹೊಟ್ಟೆ ಅಂತ ಒಂದಿರತ್ತೆ ಸ್ವಾಮಿ" ಎಂದೆ.

ಜೋರಾಗಿ ನಕ್ಕ, ಅದನ್ನು ಬರೆದುಕೊಂಡ. ಭಾಷಣದಲ್ಲಿ ಬಳಸುತ್ತಾನಂತೆ. ಅವನು ಕೆಟ್ಟವನಲ್ಲ ರೋಡಾ. ಎಲ್ಲರೂ ಒಳ್ಳೆಯವರು ಎನ್ನುವುದೇ ಈ ಸಲದ ಕಷ್ಟ. ಒಬ್ಬ ಕೆಟ್ಟವನಿದ್ದಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ.

ನೀನು ಬೆಲೆ ಕೇಳಿದ್ದೆ. ನಲವತ್ತೊಂದು ಎಂದೆನಲ್ಲ. ಅಂಕಿಯಲ್ಲಿ ನಾನು ಸುಳ್ಳು ಹೇಳುವುದಿಲ್ಲ, ಕರಡಿಯಲ್ಲಿ ಮಾತ್ರ ಹೇಳುತ್ತೇನೆ.

ನಿನ್ನ ಮಾವ, ದೇಶದ ಬೆನ್ನೆಲುಬು,
ಗಾರ್ಲಂಡ್


ಹೊಲಿಗೆ ಶೆಡ್ಡು, ಸ್ಪೈವಿ ಕಣಿವೆ
ನವೆಂಬರ್ ೨೯

ಮಗಳೇ,

ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರೆಯಲು ಆಗಲಿಲ್ಲ. ಪುರುಸೊತ್ತಿಲ್ಲ. ದೊಡ್ಡ ಮನುಷ್ಯರ ಜೀವನವೇ ಹಾಗೆ. ಇನ್ನು ಮೇಲೆ ಶೆಡ್ಡಿನ ವಿಳಾಸಕ್ಕೇ ಬರೆ, ಅಂಚೆ ಇಲ್ಲಿಗೆ ಬೇಗ ಬರುತ್ತದೆ. ಗುಡ್ಡದ ಮೇಲಿನ ಮನೆಗೆ ಹತ್ತುವುದು ನನ್ನ ಮಂಡಿಗೆ ಒಗ್ಗುತ್ತಿಲ್ಲ. ಪಿಕಪ್ ಗಾಡಿಯನ್ನೂ ಕೊಟ್ಟುಬಿಟ್ಟೆ, ನಡೆದರೆ ಆರೋಗ್ಯ. ನನ್ನ ನಾಯಿ ಸೆನೆಟರ್ ಈಗ ವೀಡಾಳ ಮನೆಯಲ್ಲಿದೆ. ಇಲ್ಲಿದ್ದರೆ ಅದರ ಕೂದಲು ಬಟ್ಟೆಗೆ ಅಂಟುತ್ತದೆ. ಅವಳ ಮನೆಯಲ್ಲೂ ಹೆಸರಿಗೆ ತಕ್ಕ ಹಾಗೆ ಊಟದ ಹೊತ್ತಿಗೆ ಮಾತ್ರ ಏಳುತ್ತದಂತೆ.

ತಾತ್ಕಾಲಿಕ ಏರ್ಪಾಡನ್ನು ಡಿಸೆಂಬರಿಗೆ ಎಳೆದಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆವು. ಹಣದ ಮಸೂದೆ ಡಿಸೆಂಬರಿನಲ್ಲಿ ಆದರೂ ಆಗಬಹುದು. ಆದ ಮರುದಿನವೇ ಸೇನೆಯವರು ಮಾದರಿ ಕೇಳುತ್ತಾರೆ. ಅದಕ್ಕೆ ಉಳಿದ ಒಂಬತ್ತು ಜನ ಹೊಸ ಯಂತ್ರದಲ್ಲಿ ಒಂದೇ ಒಂದು ದೊಡ್ಡ ಪ್ಯಾರಾಶೂಟನ್ನು ಹೊಲಿಯತೊಡಗಿದರು. ಕೂಲಿ ಅರ್ಧ. ಕೊನೆಯ ವಾರ ಅದೂ ಇಲ್ಲ, ಬೀನ್ಸೂ ಜೋಳದ ಬ್ರೆಡ್ಡೂ. 

ಮಂಗಳವಾರ ಕೊನೆಯ ಪಟ್ಟಿ. ಅಂಚಿನಿಂದ ಎರಡು ಗೇಣು ಬಾಕಿ. ವೀಡಾಳ ಯಂತ್ರದಲ್ಲಿ ಫಟ್ ಎಂದು ಸೂಜಿ ಮುರಿಯಿತು.

ನಿನಗೆ ಗೊತ್ತಲ್ಲ, ನೀನು ಆ ಯಂತ್ರಗಳ ಕೆಳಗೇ ಅಂಬೆಗಾಲಿಟ್ಟವಳು. ಸೂಜಿ ಮುರಿದರೆ ಶೆಡ್ಡಿನಲ್ಲಿ ಒಂದು ಕೈಯೂ ಆಡಬಾರದು. ಎಲ್ಲ ಚೂರು ಸಿಗಬೇಕು, ಕಾರ್ಡಿಗೆ ಅಂಟಿಸಿ ಸೂಜಿಯ ಆಕಾರ ಪೂರ್ತಿಯಾಗಬೇಕು, ನಿಮ್ಮಮ್ಮ ಸಹಿ ಹಾಕಬೇಕು. ಒಂದು ಚೂರು ಬಟ್ಟೆಯ ಮಡಿಕೆಯಲ್ಲಿ ಉಳಿದರೂ ಆಕಾಶದಲ್ಲಿ ಬಿಚ್ಚಿಕೊಳ್ಳುವಾಗ ಬಟ್ಟೆ ಹರಿಯುತ್ತದೆ. ನಾಲ್ಕು ಚೂರಾಗಿತ್ತು. ಮೂರು ಸಿಕ್ಕಿದವು. ನಾಲ್ಕನೆಯದು, ಮೊನೆ, ಅಕ್ಕಿ ಕಾಳಿನಷ್ಟು, ಸಿಗಲಿಲ್ಲ. ಆಯಸ್ಕಾಂತ ಹಿಡಿದು ಒಂಬತ್ತು ಜನ ಮಂಡಿಯೂರಿ ಅಷ್ಟೂ ಬಟ್ಟೆಯನ್ನು ಗೇಣು ಗೇಣು ಸವರಿದರು. ನಾನು ಕೂಡ. ಮಧ್ಯಾಹ್ನ ಕಳೆದು ಕಿಟಕಿಯ ಬೆಳಕು ಹಳದಿಯಾಯಿತು.

ನಾನು ಹೇಳಿದೆ, "ಅಕ್ಕಾ, ಆರ್ಡರೇ ಇಲ್ಲ. ಇದು ಮಾದರಿ. ಇದನ್ನ ಕಟ್ಟಿಕೊಂಡು ಯಾರು ಹಾರ್ತಾರೆ? ಸಹಿ ಹಾಕು."

ಅವಳು ತಲೆ ಎತ್ತದೆ, "ಯಾರೋ ಒಬ್ಬರು ಇದರ ಕೆಳಗೆ ನಿಂತಿರ್ತಾರೆ ಕಣೋ" ಎಂದಳು.

"ಎರಡು ಗೇಣು ಬಾಕಿ ಕಣೇ! ಎರಡು ಗೇಣು!"

"ಬಾಯಿ ಮುಚ್ಚಿಕೊಂಡು ಹುಡುಕು."

ಸಿಗಲಿಲ್ಲ ರೋಡಾ. ನಿಮ್ಮಮ್ಮ ಎದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು, ಕೆಂಪು ಬಣ್ಣದ ಡಬ್ಬಿ ತಂದು ಆ ಹೊಚ್ಚ ಹೊಸ ಬಟ್ಟೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಅಡ್ಡಗೆರೆ ಎಳೆದಳು. ತಿರಸ್ಕೃತ. ನಮ್ಮಲ್ಲಿದ್ದದ್ದು ಅದೊಂದೇ. ವೀಡಾ ಯಂತ್ರದ ಮೇಲೆ ತಲೆಯಿಟ್ಟು ಕೂತಿದ್ದಳು. ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು, "ಸೂಜಿ ತಪ್ಪು ಕಣೇ, ನಿನ್ನದಲ್ಲ" ಎಂದಳು. ನಾನು ಏನಾದರೂ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ. ಏನೂ ಬರಲಿಲ್ಲ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ.

ಗಾರ್ಲಂಡ್ ಮಾವ


ವಾಷಿಂಗ್ಟನ್
ಡಿಸೆಂಬರ್ ೧೧

ಮಾವ,

ನಿನ್ನೆ ಮತ ಹಾಕಿದರು. ಹಣದ ಮಸೂದೆಗಲ್ಲ. ನಾನೂರನೇ ಪುಟದ ಜಗಳ ಬಗೆಹರಿಯಲಿಲ್ಲ. ತಾತ್ಕಾಲಿಕ ಏರ್ಪಾಡನ್ನೇ ಮುಂದಿನ ಸೆಪ್ಟೆಂಬರಿನವರೆಗೆ ಎಳೆದರು. ಒಂದು ವರ್ಷ ಪೂರ್ತಿ ಹೊಸದು ಯಾವುದೂ ಇಲ್ಲ. ಎರಡೂ ಪಕ್ಷದವರು ಒಟ್ಟಿಗೆ ಹೌದು ಎಂದರು. ಒಟ್ಟಿಗೆ ಎದ್ದು ಚಪ್ಪಾಳೆ ತಟ್ಟಿದರು. ಅದೇ ಚಪ್ಪಾಳೆ ಮಾವ, ಸೆಪ್ಟೆಂಬರಿನದೇ. ಸದ್ದಿನಲ್ಲಿ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ನಾನು ಅದೇ ಮೆಟ್ಟಿಲ ಮೇಲೆ ಹೋಗಿ ಕೂತೆ. ಪೆನ್ನು ತೆರೆಯಲಿಲ್ಲ.

ನಮ್ಮ ಮೇಡಮ್ ನನ್ನ ಹತ್ತಿರ ಬಂದು, "ನಿಮ್ಮ ಊರಿನ ಸಾಲು ಮುಂದಿನ ವರ್ಷ ಖಂಡಿತ" ಎಂದರು. ಅವರು ಮನಸಾರೆ ಹೇಳಿದರು. ನನಗೆ ಅದಕ್ಕೇ ಅಳು ಬಂತು.

ಭಾನುವಾರ ಚರ್ಚಿನ ಫೋನಿಗೆ ಕರೆ ಮಾಡಿ ಅಮ್ಮನನ್ನು ಕರೆಸಿದ್ದೆ. ಮಾವ ಯಾಕೆ ಶೆಡ್ಡಿನಲ್ಲಿ ಇದ್ದಾನೆ ಎಂದು ಕೇಳಿದೆ.  "ಗುಡ್ಡದ ಮನೇಲಿ ಬೇರೆ ಯಾರೋ ದೀಪ ಹಚ್ಚುತ್ತಾರೆ. ಉಳಿದಿದ್ದು ಅವನನ್ನೇ ಕೇಳು. ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ದಾನೆ" ಎಂದಳು.

ಆ ಮನೆಯನ್ನು ನೀನೇ ಕಟ್ಟಿದ್ದು. ಅದರ ಬಾಗಿಲ ಮೇಲೆ ನನ್ನ ಎತ್ತರದ ಗುರುತುಗಳಿವೆ, ನನ್ನ ಏಳನೇ ವರ್ಷದಿಂದ ಹದಿನೇಳನೆಯದರವರೆಗೆ. ಒಂದು ವರ್ಷ ನಾನು ಬೆಳೆಯಲೇ ಇಲ್ಲ ಎಂದು ಅತ್ತಾಗ ನೀನು ಒಂದು ಅಂಗುಲ ಮೇಲೆ ಗೆರೆ ಎಳೆದಿದ್ದೆ. ನನಗೆ ಆಗಲೇ ಗೊತ್ತಿತ್ತು.

ಅಮ್ಮ ನನಗೆ ಕಲಿಸಿದ್ದು ಒಂದೇ ಪಾಠ: ಎಲ್ಲ ಚೂರು ಸಿಗುವವರೆಗೆ ಬಟ್ಟೆ ಅಲುಗಿಸಬಾರದು. ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಯಂತ್ರ ಒಂದು ಚೂರು. ಪಿಕಪ್ಪು ಒಂದು. ಮನೆ ಒಂದು. ನಾಲ್ಕನೆಯದು ಸಿಗುತ್ತಿಲ್ಲ. ನಾನು ಬರೆದ ಆ ಒಂದು ಮಾತಿಗೆ ನೀನು ಕೊಟ್ಟದ್ದು ಎಷ್ಟು? ಅದು ನನಗೆ ಗೊತ್ತಾಗಬೇಕು. ದಿನವೂ ಕಾಗದದ ಮೇಲೆ ಮಾತು ಬರೆಯುವುದೇ ನನ್ನ ಕೆಲಸ. ಒಂದು ಮಾತು ಎಷ್ಟು ಭಾರ ಎಂದು ತಿಳಿಯದೆ ಇನ್ನೊಂದನ್ನು ಬರೆಯಲು ಕೈ ಏಳುತ್ತಿಲ್ಲ.

ಇಪ್ಪತ್ತನಾಲ್ಕಕ್ಕೆ ಬಸ್ಸಿಗೆ ಬರುತ್ತೇನೆ. ಅದಕ್ಕೆ ಮೊದಲು ಬರೆದು ಕಳಿಸು. ಎದುರಿಗೆ ಕೇಳಿದರೆ ನೀನು ಕರಡಿ ತರುತ್ತೀಯ.

ರೋಡಾ


ಸ್ಪೈವಿ ಕಣಿವೆ, ಓಪಲ್ ಅಕ್ಕನ ಹಿಂದಿನ ಕೋಣೆ
ಡಿಸೆಂಬರ್ ೧೮

ರೋಡಾ,

ಇದು ಮೂರನೆಯ ಹಾಳೆ. ಮೊದಲಿನ ಎರಡರಲ್ಲಿ ಜನರಲ್ ಬಂದುಬಿಟ್ಟ. ಹರಿದೆ.

ಸೋಮವಾರ ಶೆಡ್ಡು ಮುಚ್ಚಿದೆವು. ಗುಜರಿಯವನು ಆರೂ ಯಂತ್ರಗಳನ್ನು ಲಾರಿಗೆ ಏರಿಸಿದ. ಅವನು ಕಬ್ಬಿಣದ ತೂಕಕ್ಕೆ ಕೊಟ್ಟದ್ದು ಹೆಂಗಸರ ಬಾಕಿ ಕೂಲಿಗೆ ಸರಿಹೋಯಿತು, ಒಂದು ಕಾಸೂ ನನ್ನ ಕೈಗೆ ಉಳಿಯಲಿಲ್ಲ, ಒಂದು ಕಾಸೂ ಅವರಿಗೆ ಬಾಕಿ ಇಲ್ಲ. ಇದಿಷ್ಟು ಸರಿಯಾಗಿ ಮಾಡಿದೆ. ಗೋಡೆಯ ಮೇಲಿನ ಕತ್ತರಿಗಳನ್ನು ಅಕ್ಕನೇ ಮನೆ ಮನೆಗೆ ಹೋಗಿ ಕೊಟ್ಟು ಬಂದಳು. ವೀಡಾ ತೆಗೆದುಕೊಳ್ಳಲಿಲ್ಲ. ಬಾಗಿಲು ಅರ್ಧ ತೆರೆದು, "ಮೊಳೆಗೇ ಇರ್ಲಿ ಓಪಲಕ್ಕ" ಎಂದಳಂತೆ. ಮೊಳೆ ಇರುವ ಗೋಡೆಗೆ ಈಗ ಬೇರೆಯವರ ಬೀಗ. ಅಕ್ಕ ಆ ಕತ್ತರಿಯನ್ನು ತನ್ನ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ.

ಈಗ ನೀನು ಕೇಳಿದ್ದು.

ಕರಡಿಯ ಕಥೆಗೆ ಮುದುಕ ನಗಲಿಲ್ಲ. ನಾನು ಹೇಳಲೇ ಇಲ್ಲ. ಅವನ ಕಾರ್ಖಾನೆ ಮುಚ್ಚಿತ್ತು, ಅವನಿಗೂ ನಗು ಇರಲಿಲ್ಲ. ಅವನು ಹೇಳಿದ ಬೆಲೆ ನ್ಯಾಯವಾದದ್ದೇ. ನಾನು ಬ್ಯಾಂಕಿಗೆ ಹೋಗಿ ಮನೆಯನ್ನು ಬರೆದುಕೊಟ್ಟೆ. ಬ್ಯಾಂಕಿನವನು, "ಸೇನೆಯ ಆರ್ಡರ್ ಕೈಗೆ ಬಂದಿದ್ಯಾ ಲೆಡ್‌ಫರ್ಡ್?" ಎಂದು ಎರಡು ಸಲ ಕೇಳಿದ. ನಾನು ಅಂಗಿಯ ಜೇಬಿನಿಂದ ನಿನ್ನ ಕಾಗದ ತೆಗೆದು ಅವನ ಮೇಜಿನ ಮೇಲಿಟ್ಟೆ. "ಸಂಸತ್ತಿನ ಒಳಗಿಂದ ಬಂದಿರೋದು, ನನ್ನ ಸೋದರ ಸೊಸೆ ಕೈಬರಹ" ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಸುಳ್ಳನ್ನೂ ಹೇಳಿದವನಲ್ಲ. ಅದು ನಿಜವಾಗಿತ್ತಲ್ಲ, ಅದಕ್ಕೇ.

ಇದನ್ನು ನಿನಗೆ ಹೇಳಬಾರದೆಂದೇ ಮೂರು ತಿಂಗಳಿಂದ ಗುಡ್ಡ, ಮಂಡಿ, ನಾಯಿಯ ಕೂದಲು ಎಂದು ಬರೆದೆ. ತಪ್ಪು ನಿನ್ನದಲ್ಲ. "ಪಾಸಾಯಿತು" ಎಂದು ನೀನು ಬರೆದದ್ದು ನಿಜ, ಪಾಸಾಗಿತ್ತು. ಏನು ಪಾಸಾಯಿತು ಮಗಳೇ ಎಂದು ಮೂರು ಕಾಸಿನ ಕಾರ್ಡಿನಲ್ಲಿ ಕೇಳಿದ್ದರೆ ನೀನು ಹೇಳುತ್ತಿದ್ದೆ. ಒಂದು ಮಾತಿನಲ್ಲಿ ಎಲ್ಲ ತಿಳಿದುಕೊಳ್ಳುತ್ತೇನೆ ಎಂದು ಜುಲೈಯಲ್ಲಿ ಬರೆದಿದ್ದೆನಲ್ಲ, ಆ ಬಾಯಿಗೆ ಕೇಳಲು ನಾಚಿಕೆಯಾಯಿತು. ಕೂಸು ಹುಟ್ಟಿದೆ ಎಂದು ಕುಣಿದವನು ನಾನು. ಸೂಲಗಿತ್ತಿಯನ್ನು ಬೈಯುವ ಹಾಗಿಲ್ಲ.

ಶೆಡ್ಡಿನಿಂದ ತಂದಿದ್ದ ನನ್ನ ಬಟ್ಟೆಗಳನ್ನು ನಿನ್ನೆ ಇಲ್ಲಿ ಕೊಡವುತ್ತಿದ್ದೆ. ಅಂದು ಮಂಡಿಯೂರಿ ಹುಡುಕಿದ ದಿನ ಹಾಕಿದ್ದ ಪ್ಯಾಂಟು. ಕಾಲಿನ ಮಡಿಕೆ ಬಿಡಿಸಿದಾಗ ಟಿಣ್ ಎಂದು ನೆಲಕ್ಕೆ ಏನೋ ಬಿತ್ತು. ಸೂಜಿಯ ಮೊನೆ. ವೀಡಾಳ ಪಕ್ಕದಲ್ಲಿ ನಿಂತು ಮೆರೆಯುತ್ತಿದ್ದೆನಲ್ಲ, ಮುರಿದ ಕ್ಷಣವೇ ಹಾರಿ ನನ್ನ ಮಡಿಕೆಯಲ್ಲಿ ಕೂತಿತ್ತು. ಒಂಬತ್ತು ಜನ ನೆಲ ಸವರುವಾಗ ನಾನು ಅದನ್ನು ಕಾಲಿನಲ್ಲಿ ಹೊತ್ತುಕೊಂಡು ಅವರ ನಡುವೆಯೇ ತೆವಳಾಡುತ್ತಿದ್ದೆ. ಬಟ್ಟೆ ಸ್ವಚ್ಛವಾಗಿತ್ತು ರೋಡಾ. ಆ ಪ್ಯಾರಾಶೂಟಿನಲ್ಲಿ ಏನೂ ಇರಲಿಲ್ಲ.

ಅಕ್ಕನಿಗೆ ತೋರಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಒಳಗಿನಿಂದ ಕಾರ್ಡು ತಂದಳು, ಅದನ್ನು ಬೈಬಲ್ಲಿನಲ್ಲಿ ಇಟ್ಟಿದ್ದಳು. ನಾಲ್ಕನೆಯದನ್ನು ತಾನೇ ಅಂಟಿಸಿ ಸಹಿ ಹಾಕಿ, "ಅವಳಿಗೆ ಕಳಿಸು. ಇನ್ನೊಂದು ಚೂರೂ ನಿನ್ನ ಮಡಿಕೇಲೇ ಇದೆ, ಅದನ್ನೂ ಕಳಿಸು" ಎಂದಳು.

ಕಾರ್ಡು ಜೊತೆಗಿದೆ. ಇನ್ನೊಂದು ಚೂರು ನನ್ನ ಸಹಿಯ ಕೆಳಗಿದೆ. ಅಂಕಿಯಲ್ಲಿ ಸುಳ್ಳು ಹೇಳುವುದಿಲ್ಲ ಎಂದು ಬರೆದಿದ್ದೆ, ಹೇಳಿಲ್ಲ. ತಲೆಬರಹ ಬರೆಯುವುದನ್ನು ಮಾತ್ರ ಬಿಟ್ಟಿದ್ದೆ. ನಿನ್ನ ಇನ್ನೂರ ಹನ್ನೆರಡನೇ ಪುಟ ಓದಿದ ಹಾಗೆಯೇ ಓದಿಕೋ.

ಬಸ್ಸಿನ ಹತ್ತಿರ ನಾನು ಬಂದು ನಿಂತಿರುತ್ತೇನೆ, ನಡೆದುಕೊಂಡು.

ಗಾರ್ಲಂಡ್

ಕಳೆದುಕೊಂಡದ್ದು
(ಡಾಲರು, ಸಾವಿರಗಳಲ್ಲಿ)
೪೧